ಮಗನ ದನಿಯಲ್ಲೇ ಕರೆ ಬಂದಾಗ

ಸಂಸೆಯಂಥ ಊರಿನಲ್ಲಿ ಫೋನಿಗೂ ಒಂದು ಜಾಗ ಇರುತ್ತದೆ. ಕಾಫಿ ಕಣದ ಆಚೆ ತುದಿಯೋ, ದರೆಯ ಮೇಲಿನ ಹಲಸಿನ ಮರದ ಬುಡವೋ, ಎಲ್ಲಿ ಎರಡು ಕಡ್ಡಿ ಸಿಗ್ನಲ್ ಸಿಗುತ್ತದೋ ಅಲ್ಲಿಗೆ ಓಡಿಹೋಗಿ ಮಾತಾಡುವುದು ರೂಢಿ. ಮಳೆಗಾಲದಲ್ಲಿ ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತದೆ. ಮಕ್ಕಳು ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಇದ್ದಾರೆ, ತೋಟದ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಅಂಥ ಮನೆಗೆ ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು ಎಂದುಕೊಳ್ಳಿ. "ಅಮ್ಮಾ, ಬೈಕಿಂದ ಬಿದ್ದೆ. ನನ್ನ ಫೋನ್ ಒಡೆದುಹೋಯ್ತು. ಆಸ್ಪತ್ರೇಲಿ ಈಗ್ಲೇ ದುಡ್ಡು ಕಟ್ಟಿ ಅಂತಿದಾರೆ, ಈ ನಂಬರಿಗೆ ಹಾಕ್ಸು." ದನಿ ಮಗನದೇ. 'ಅಮ್ಮಾ' ಎಂದು ಎಳೆಯುವ ರೀತಿಯೂ ಅವನದೇ. ನಡುನಡುವೆ ಕರಕರ ಎಂದರೂ ಯಾರಿಗೂ ಅನುಮಾನ ಹುಟ್ಟುವುದಿಲ್ಲ. ನಮ್ಮ ಕಡೆ ಯಾವ ಕರೆ ತಾನೇ ಕರಕರ ಎನ್ನದೆ ಬಂದಿದೆ?

ದನಿ ನಕಲು ಮಾಡುವ ತಂತ್ರಾಂಶಕ್ಕೆ ಈಗ ಗಂಟೆಗಟ್ಟಲೆ ರೆಕಾರ್ಡಿಂಗ್ ಬೇಕಿಲ್ಲ. ಕುದುರೆಮುಖ ಹತ್ತಲು ಬಂದವನು ಮುಳ್ಳೋಡಿಯಲ್ಲಿ ನಿಂತು ಮಾಡಿದ ರೀಲಿನ ಕೆಲವು ಸೆಕೆಂಡು ಮಾತು ಸಾಕು. ಮುಖದ ಕತೆಯೂ ಅಷ್ಟೇ. 2023ರ ನವೆಂಬರಿನಲ್ಲಿ, ಇನ್ನೊಂದು ಕಾಫಿ ನಾಡಾದ ವಿರಾಜಪೇಟೆಯಿಂದ ಬಂದ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬ್ರಿಟನ್ನಿನ ಬೇರೊಬ್ಬ ಮಹಿಳೆಯ ವಿಡಿಯೊಗೆ ಕೂಡಿಸಿ ಹರಿಬಿಟ್ಟಿದ್ದರು. ದೆಹಲಿ ಪೊಲೀಸರು ಪ್ರಕರಣ ದಾಖಲಿಸಿ 2024ರ ಜನವರಿಯಲ್ಲಿ ಆಂಧ್ರದ ಗುಂಟೂರಿನಲ್ಲಿ ಆರೋಪಿಯನ್ನು ಹಿಡಿದರು. ಅಭಿಮಾನಿ ಪುಟಕ್ಕೆ ಹೆಚ್ಚು ಜನರನ್ನು ಸೆಳೆಯಲು ಹಾಗೆ ಮಾಡಿದ್ದನೆಂಬುದು ಪೊಲೀಸರು ಕೊಟ್ಟ ವಿವರ.

ಕೃತಕ ಬುದ್ಧಿಮತ್ತೆಯ ಸಹಾಯವಿಲ್ಲದೆಯೂ ಮೋಸ ನಡೆಯುತ್ತದೆ. 2025ರ ಸೆಪ್ಟೆಂಬರಿನಲ್ಲಿ ನಟಿ ಪ್ರಿಯಾಂಕಾ ಉಪೇಂದ್ರ ಅವರಿಂದ, ಪಾರ್ಸೆಲ್ ಬಂದಿದೆಯೆಂಬ ನೆಪದಲ್ಲಿ ನಕ್ಷತ್ರ ಮತ್ತು ಹ್ಯಾಶ್ ಗುರುತುಗಳಿದ್ದ ಒಂದು ಕೋಡ್ ಒತ್ತಿಸಿದರು. ವಾಟ್ಸ್‌ಆ್ಯಪ್ ಕಳ್ಳರ ಕೈಸೇರಿತು. ಪರಿಚಿತರಿಗೆಲ್ಲ ದುಡ್ಡು ಕೇಳುವ ಸಂದೇಶ ಹೋಯಿತು. ಅಮ್ಮನ ಹೆಸರಿನಲ್ಲಿ ಬಂದ ಸಂದೇಶವನ್ನು ನಂಬಿ ಮಗನೂ ದುಡ್ಡು ಕಳಿಸಿದ್ದ. ಸಿನಿಮಾದವರ ಮನೆಯಲ್ಲೇ ಹೀಗಾದ ಮೇಲೆ, ತೋಟದ ಮನೆಯ ಅಮ್ಮ ಮೋಸಹೋದರೆ "ಓದಿದವರಾಗಿ ಇಷ್ಟೂ ಗೊತ್ತಾಗಲಿಲ್ವಾ" ಎಂದು ಬೈಯಲು ಯಾರಿಗೂ ಬಾಯಿಲ್ಲ. ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ನಾಚಿಕೆಪಟ್ಟು ಯಾರಿಗೂ ಹೇಳದೆ ಕೂತ ಆ ಒಂದೆರಡು ಗಂಟೆಯಲ್ಲೇ ದುಡ್ಡು ನಾಲ್ಕಾರು ಖಾತೆ ದಾಟಿ ಕೈಬಿಟ್ಟು ಹೋಗುತ್ತದೆ.

ಕೃತಕ ಬುದ್ಧಿಮತ್ತೆಗೆಂದೇ ನಮ್ಮಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ. ಹಾಗೆಂದು ದನಿ ಕದ್ದವನು ತಪ್ಪಿಸಿಕೊಳ್ಳುವಂತಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ ಇನ್ನೊಬ್ಬರ ಗುರುತನ್ನು ಕದಿಯುವುದಕ್ಕೆ, 66ಡಿ ಕಲಂ ಕಂಪ್ಯೂಟರ್ ಅಥವಾ ಫೋನಿನ ಮೂಲಕ ಇನ್ನೊಬ್ಬರಂತೆ ನಟಿಸಿ ವಂಚಿಸುವುದಕ್ಕೆ. ಎರಡಕ್ಕೂ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಭಾರತೀಯ ನ್ಯಾಯ ಸಂಹಿತೆಯ 318(4)ರ ವಂಚನೆಗೆ 7 ವರ್ಷ, 319ರ ಸೋಗು ಹಾಕಿದ ವಂಚನೆಗೆ 5 ವರ್ಷದವರೆಗೆ ಶಿಕ್ಷೆಯಿದೆ. ದೂರು ಬರೆಯುವಾಗ ಈ ಕಲಂಗಳನ್ನು ನೀವು ಉರುಹೊಡೆಯಬೇಕಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆದರೆ ಸಾಕು, ಕಲಂ ಹಾಕುವುದು ಪೊಲೀಸರ ಕೆಲಸ.

ದುಡ್ಡು ಹೋಗಿದೆ ಎಂದು ಗೊತ್ತಾದ ಕ್ಷಣ ಕಳಸದ ಬಸ್ಸಿಗೆ ಕಾಯುತ್ತ ಕೂರಬೇಡಿ. ಮೊದಲ ಕೆಲಸ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವುದು. ಇಂಟರ್ನೆಟ್ ಬೇಡ, ಸಾದಾ ಫೋನಿನಿಂದಲೂ ಆಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಫೋನೇ ಕಳ್ಳರ ಹತೋಟಿಯಲ್ಲಿದ್ದರೆ ಪಕ್ಕದ ಮನೆಯವರದನ್ನು ಬಳಸಿ. ಸಹಾಯವಾಣಿಯವರು ಕೇಳುವುದು ಇಷ್ಟು: ಯಾವ ಬ್ಯಾಂಕು, ಖಾತೆ ಸಂಖ್ಯೆ, ಎಷ್ಟು ಹಣ, ಎಷ್ಟು ಹೊತ್ತಿಗೆ ಹೋಯಿತು, ವಹಿವಾಟಿನ ಸಂಖ್ಯೆ. ಯುಪಿಐ ಆದರೆ ಅದು 12 ಅಂಕೆಯದು. ಬ್ಯಾಂಕಿನಿಂದ ಬಂದ ಎಸ್ಸೆಮ್ಮೆಸ್‌ನಲ್ಲೇ ಇರುತ್ತದೆ, ಕರೆ ಮಾಡುವ ಮೊದಲೇ ಕ್ಯಾಲೆಂಡರಿನ ಹಿಂದೆಯಾದರೂ ಬರೆದಿಟ್ಟುಕೊಳ್ಳಿ. ಮಾತಿನ ನಡುವೆ ಸಿಗ್ನಲ್ ಹೋದರೆ ಮತ್ತೆ ಹುಡುಕುವ ಗೋಳು ತಪ್ಪುತ್ತದೆ. ಆ ಕಡೆಯವರು ವಿವರವನ್ನು ದುಡ್ಡು ಹೋದ ಬ್ಯಾಂಕಿಗೆ ಕಂಪ್ಯೂಟರಿನಲ್ಲೇ ರವಾನಿಸುತ್ತಾರೆ. ಹಣ ಇನ್ನೂ ಅಲ್ಲಿದ್ದರೆ ಬ್ಯಾಂಕು ತಡೆಹಿಡಿಯುತ್ತದೆ, ಮುಂದಕ್ಕೆ ಹೋಗಿದ್ದರೆ ಮುಂದಿನ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಆಮೇಲೆ ಸೈಬರ್‌ಕ್ರೈಮ್ ಡಾಟ್ ಗೌ ಡಾಟ್ ಇನ್ ತಾಣದಲ್ಲಿ ದೂರನ್ನು ಪೂರ್ತಿ ಮಾಡಬೇಕು. ಇದಕ್ಕೆ ಬೆಂಗಳೂರಿನಲ್ಲಿರುವ ಮಗನೋ ಮಗಳೋ ನೆರವಾಗಲಿ. ಆಗ ಸಿಗುವ ಸ್ವೀಕೃತಿ ಸಂಖ್ಯೆ ಮುಂದಿನ ಪ್ರತಿ ಹೆಜ್ಜೆಗೂ ಬೇಕು.

ಎರಡನೆಯದು ಬ್ಯಾಂಕು. ಬಾಯಲ್ಲಿ ಹೇಳಿ ಬರಬೇಡಿ, ಬರೆದು ಕೊಟ್ಟು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಇಲ್ಲಿ ಒಂದು ಕಹಿ ವ್ಯತ್ಯಾಸವನ್ನು ಬಿಡಿಸಿ ಹೇಳಲೇಬೇಕು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಂತೆ, ನಿಮ್ಮ ಅನುಮತಿಯಿಲ್ಲದೆ, ನಿಮ್ಮ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರಿಂದಾಗಿ ಹಣ ಹೋಗಿದ್ದರೆ, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟವಿಲ್ಲ. 4ರಿಂದ 7 ಕೆಲಸದ ದಿನಗಳೊಳಗಾದರೆ ಸಾಮಾನ್ಯ ಉಳಿತಾಯ ಖಾತೆಯವರ ಹೊಣೆ ಹೆಚ್ಚೆಂದರೆ 10,000 ರೂಪಾಯಿ. ತಿಳಿಸಿದ 10 ಕೆಲಸದ ದಿನಗಳೊಳಗೆ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ತೋರಿಸಬೇಕು, ಗ್ರಾಹಕರ ತಪ್ಪೆಂದು ಸಾಬೀತು ಮಾಡುವ ಹೊರೆಯೂ ಬ್ಯಾಂಕಿನದೇ. ಸಹಕಾರಿ ಬ್ಯಾಂಕುಗಳಿಗೂ ಅದೇ ವರ್ಷದ ಡಿಸೆಂಬರಿನಲ್ಲಿ ಇಂಥದೇ ಸುತ್ತೋಲೆ ಹೊರಟಿತು. ಆದರೆ ಮಗನ ದನಿ ಕೇಳಿ ಅಮ್ಮನೇ ಪಿನ್ ಒತ್ತಿ ಕಳಿಸಿದ ಹಣ ಈ ರಕ್ಷಣೆಯೊಳಗೆ ಸುಲಭವಾಗಿ ಬರುವುದಿಲ್ಲ. ಮೋಸಹೋಗಿ ಕೊಟ್ಟರೂ ಬ್ಯಾಂಕಿನ ಲೆಕ್ಕದಲ್ಲಿ ಅದು ಖಾತೆದಾರರೇ ಕೊಟ್ಟದ್ದು. ಅಲ್ಲಿ ಉಳಿಯುವ ದಾರಿ 1930ರ ತಡೆ ಮತ್ತು ಪೊಲೀಸ್ ತನಿಖೆ. ಇದು ನ್ಯಾಯವೇ ಎಂದು ಕೇಳಿದರೆ, ನನಗಂತೂ ಹಾಗನ್ನಿಸುವುದಿಲ್ಲ. ದನಿಯೇ ಸುಳ್ಳಾಗುವ ಕಾಲವನ್ನು 2017ರಲ್ಲಿ ಆ ಸುತ್ತೋಲೆ ಬರೆದವರು ಕಂಡಿರಲಿಲ್ಲ.

ಬದಲಿಗೆ, ಪಿಎಂ ಕಿಸಾನ್ ಹೆಸರಿನಲ್ಲೋ ಮದುವೆ ಕರೆಯೋಲೆಯ ಹೆಸರಿನಲ್ಲೋ ವಾಟ್ಸ್‌ಆ್ಯಪ್‌ಗೆ ಬಂದ ಎಪಿಕೆ ಫೈಲು ಒತ್ತಿದಿರಿ, ಅದು ಫೋನಿನೊಳಗೆ ಕೂತು ಓಟಿಪಿ ಓದಿ ಹಣ ಎಳೆದುಕೊಂಡಿತು ಎನ್ನಿ. ಆಗ ವಾದಕ್ಕೆ ಜಾಗವಿದೆ. ಮೋಸದ ಕರೆ ನಂಬಿ ಆ್ಯಪ್ ಹಾಕಿಕೊಂಡು 94,204 ರೂಪಾಯಿ ಕಳೆದುಕೊಂಡ ಅಸ್ಸಾಮಿನ ಗ್ರಾಹಕರೊಬ್ಬರಿಗೆ ಹಣ ಕೊಡಬೇಕೆಂದು ಗುವಾಹಟಿ ಹೈಕೋರ್ಟು ಹೇಳಿತ್ತು. ಸ್ಟೇಟ್ ಬ್ಯಾಂಕ್ ಮೇಲ್ಮನವಿ ಹೋದಾಗ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಆ ಗ್ರಾಹಕರು 24 ಗಂಟೆಯೊಳಗೆ ಬ್ಯಾಂಕಿಗೆ ತಿಳಿಸಿದ್ದು ಪ್ರಕರಣದಲ್ಲಿ ಮುಖ್ಯವಾಯಿತು. ಬ್ಯಾಂಕು 30 ದಿನದಲ್ಲಿ ಉತ್ತರ ಕೊಡದಿದ್ದರೆ ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಈಗ ಠಾಣೆಯ ಮಾತು. "ಇದು ಸೈಬರ್ ಕೇಸು, ಚಿಕ್ಕಮಗಳೂರಿನ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಹೋಗಿ" ಎಂಬ ಉತ್ತರ ಹಳ್ಳಿಯವರಿಗೆ ಹೊಸದಲ್ಲ. ಕಳಸದಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು 90 ಕಿಲೋಮೀಟರ್ ಘಾಟಿಯ ತಿರುವು, ಹೋಗಿ ಬರುವಷ್ಟರಲ್ಲಿ ಒಂದು ದಿನದ ಕೂಲಿ ಹೋಯಿತು. ಆ ಉತ್ತರದಲ್ಲಿ ಅರ್ಧ ನಿಜವಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 78ನೇ ಕಲಮಿನಂತೆ ಆ ಕಾಯ್ದೆಯ ಅಪರಾಧಗಳ ತನಿಖೆಯನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ. ಸಣ್ಣ ಠಾಣೆಯ ಸಬ್ ಇನ್‌ಸ್ಪೆಕ್ಟರ್ ಹಿಂಜರಿಯುವುದು ಅದಕ್ಕೇ. ಆದರೆ ತನಿಖೆ ಬೇರೆ, ದೂರು ದಾಖಲಿಸುವುದು ಬೇರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ, ಅಪರಾಧ ಎಲ್ಲೇ ನಡೆದಿರಲಿ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು ಎನ್ನುತ್ತದೆ. ಜನ ಜೀರೊ ಎಫ್‌ಐಆರ್ ಎನ್ನುವುದು ಇದನ್ನೇ. ಕಳಸದ ಠಾಣೆಯಲ್ಲೋ ಕುದುರೆಮುಖದ ಠಾಣೆಯಲ್ಲೋ ದಾಖಲಾಗಿ ಆಮೇಲೆ ಬೇಕಾದಲ್ಲಿಗೆ ವರ್ಗವಾಗಲಿ. ಇ-ಮೇಲಿನಂಥ ವಿದ್ಯುನ್ಮಾನ ದಾರಿಯಲ್ಲೂ ದೂರು ಕಳಿಸಬಹುದು. ಆಗ 3 ದಿನದೊಳಗೆ ಹೋಗಿ ಸಹಿ ಮಾಡಬೇಕು. ಎಫ್‌ಐಆರ್ ಪ್ರತಿ ಪುಕ್ಕಟೆ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಪ್ರಕರಣಗಳಲ್ಲಿ ಮಾತ್ರ, ಡಿವೈಎಸ್‌ಪಿ ಒಪ್ಪಿಗೆ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡುವ ಅವಕಾಶ ಪೊಲೀಸರಿಗಿದೆ. "ನೋಡೋಣ" ಎಂದರೆ ಈ ನಿಯಮದಡಿಯಲ್ಲಾ ಎಂದು ಗೌರವದಿಂದಲೇ ಕೇಳಿ.

ತೆಗೆದುಕೊಳ್ಳುವುದೇ ಇಲ್ಲ ಎಂದರೆ? ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಸುರಕ್ಷಾ ಸಂಹಿತೆಯ 175(3)ರಡಿ ಮ್ಯಾಜಿಸ್ಟ್ರೇಟರಿಗೆ ಅಫಿಡವಿಟ್ಟಿನೊಂದಿಗೆ ಅರ್ಜಿ. ಇದಕ್ಕೆ ವಕೀಲರು ಬೇಕಾಗಬಹುದು. ಮಹಿಳೆಯರು ಮತ್ತು ಪರಿಶಿಷ್ಟ ಜಾತಿ, ಪಂಗಡದವರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿರುವ ಎಷ್ಟೋ ಜನಕ್ಕೆ ಈ ಸಂಗತಿ ತಿಳಿದಿಲ್ಲ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100.

ತಡೆಹಿಡಿದ ಹಣ ತಾನಾಗಿ ವಾಪಸು ಬರುವುದಿಲ್ಲ, ಬಿಡಿಸಿಕೊಳ್ಳಬೇಕು. ಸಾಮಾನ್ಯವಾಗಿ ಸುರಕ್ಷಾ ಸಂಹಿತೆಯ 497 ಅಥವಾ 503ನೇ ಕಲಮಿನಡಿ ನ್ಯಾಯಾಲಯದ ಆದೇಶ ಬೇಕು. 2026ರ ಜನವರಿಯಲ್ಲಿ ಕೇಂದ್ರ ಗೃಹ ಸಚಿವಾಲಯ ಒಪ್ಪಿದ ಕಾರ್ಯವಿಧಾನದಲ್ಲಿ 50,000 ರೂಪಾಯಿಗಿಂತ ಕಡಿಮೆ ಮೊತ್ತವನ್ನು ಕೋರ್ಟಿನ ಆದೇಶವಿಲ್ಲದೆಯೂ ಮರಳಿಸಲು ದಾರಿ ಮಾಡಿದ್ದಾರೆ. ದೂರಿನ ಸ್ವೀಕೃತಿ ಸಂಖ್ಯೆ ಹಿಡಿದು ತನಿಖಾಧಿಕಾರಿಯನ್ನು ಈ ಬಗ್ಗೆ ಕೇಳಿ.

ಹಣ ತಡೆಹಿಡಿಯುವುದರ ಇನ್ನೊಂದು ಮಗ್ಗುಲು ಬೆಳೆಗಾರರನ್ನು ಮತ್ತು ಹೋಂಸ್ಟೇ ನಡೆಸುವವರನ್ನು ಕಾಡುತ್ತದೆ. ಚಾರಣಕ್ಕೆ ಬಂದವನು ಯುಪಿಐನಲ್ಲಿ 3,000 ಹಾಕಿ ಹೋದ, ಅಥವಾ ಯಾರೋ ಕಾಳುಮೆಣಸು ಕೊಂಡು ದುಡ್ಡು ಹಾಕಿದರು. ತಿಂಗಳಾದ ಮೇಲೆ ಖಾತೆಯೇ ಸ್ತಬ್ಧ. ಆ ದುಡ್ಡು ಎಲ್ಲೋ ಯಾರದೋ ಮನೆ ಮುರಿದು ಬಂದದ್ದಂತೆ. ಆಳುಗಳಿಗೆ ಸಂಬಳ ಕೊಡುವ ಶನಿವಾರ ಇದು ಗೊತ್ತಾದರೆ ಹೇಗಿರುತ್ತದೆ ಎಂದು ತೋಟದವರಿಗೆ ಹೇಳಬೇಕಿಲ್ಲ. ಮೊದಲು ಬ್ಯಾಂಕಿನಿಂದ ಮೂರು ಸಂಗತಿ ಬರಹದಲ್ಲಿ ಪಡೆಯಿರಿ: ಯಾವ ರಾಜ್ಯದ ಯಾವ ಠಾಣೆ, ದೂರಿನ ಸಂಖ್ಯೆ, ವಿವಾದದ ಮೊತ್ತ. ಬಿಲ್ಲು, ಬುಕಿಂಗ್ ರಿಜಿಸ್ಟರಿನ ಪುಟ, ವಾಟ್ಸ್‌ಆ್ಯಪ್ ಮಾತುಕತೆ ಜೋಡಿಸಿ ಆ ಠಾಣೆಗೂ ಬ್ಯಾಂಕಿಗೂ ಮನವಿ ಕಳಿಸಿ. ಪೊಲೀಸರು ಖಾತೆಯನ್ನು ಸುರಕ್ಷಾ ಸಂಹಿತೆಯ 106ನೇ ಕಲಮಿನಡಿ ವಶಕ್ಕೆ ತೆಗೆದುಕೊಂಡಿದ್ದರೆ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಲೇಬೇಕು. 3,000 ರೂಪಾಯಿಯ ವಿವಾದಕ್ಕೆ ಇಡೀ ಖಾತೆ ಮುಚ್ಚುವುದನ್ನು ಹಲವು ಹೈಕೋರ್ಟುಗಳು ಒಪ್ಪಿಲ್ಲ. ಹಾಗೆಯೇ, "ನಿಮ್ಮ ಖಾತೆಗೆ ದುಡ್ಡು ಹಾಕ್ತೀವಿ, ಕಮಿಷನ್ ಇಟ್ಕೊಂಡು ಉಳಿದದ್ದು ಕಳ್ಸಿ" ಎಂದವರಿಗೆ ಪಾಸ್‌ಬುಕ್ಕು, ಎಟಿಎಂ ಕಾರ್ಡು ಕೊಟ್ಟ ಹುಡುಗರು ಮಾತ್ರ ಸಂತ್ರಸ್ತರಾಗಿ ಉಳಿಯುವುದಿಲ್ಲ, ಆರೋಪಿಗಳ ಪಟ್ಟಿ ಸೇರುತ್ತಾರೆ.

ಮಗಳ ಫೋಟೊವನ್ನು ಬತ್ತಲೆ ಮಾಡಿ ಬೆದರಿಸಿದರೆ ದಾರಿ ಬೇರೆ. ಹಣ ಕೊಡಬೇಡಿ, ಒಮ್ಮೆ ಕೊಟ್ಟವರನ್ನು ಅವರು ಬಿಡುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ, 67, 67ಎ ಕಲಂಗಳೂ ನ್ಯಾಯ ಸಂಹಿತೆಯ ಸುಲಿಗೆಯ 308ನೇ ಕಲಮೂ ಇಲ್ಲಿ ಬರುತ್ತವೆ. ಹುಡುಗಿ 18 ದಾಟಿಲ್ಲವಾದರೆ 67ಬಿ ಮತ್ತು ಪೋಕ್ಸೊ ಕಾಯ್ದೆ. ಸೈಬರ್ ತಾಣದ ಮಹಿಳೆ ಮತ್ತು ಮಕ್ಕಳ ವಿಭಾಗದಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಚಿತ್ರ ತೆಗೆಸುವುದಕ್ಕೆ ಎಫ್‌ಐಆರ್ ಆಗಲಿ ಎಂದು ಕಾಯಬೇಕಿಲ್ಲ. ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ಗಳಂಥ ಪ್ರತಿ ವೇದಿಕೆಗೂ ಕುಂದುಕೊರತೆ ಅಧಿಕಾರಿ ಇರಬೇಕೆಂದು 2021ರ ನಿಯಮಗಳು ಹೇಳುತ್ತವೆ. ಬತ್ತಲೆ ಚಿತ್ರ, ಇನ್ನೊಬ್ಬರ ಸೋಗು, ಕೃತಕವಾಗಿ ತಿದ್ದಿದ ಚಿತ್ರ ಇವುಗಳ ಬಗ್ಗೆ ಸಂಬಂಧಪಟ್ಟ ವ್ಯಕ್ತಿಯೋ ಅವರ ಪರವಾಗಿ ಬೇರೆಯವರೋ ದೂರು ಕೊಟ್ಟರೆ ಮೊದಲು 24 ಗಂಟೆಯೊಳಗೆ ತೆಗೆಯಬೇಕಿತ್ತು. 2026ರ ಫೆಬ್ರುವರಿ 20ರಿಂದ ಜಾರಿಯಾದ ತಿದ್ದುಪಡಿ ಅದನ್ನು 2 ಗಂಟೆಗೆ ಇಳಿಸಿದೆ. ಕೃತಕ ಬುದ್ಧಿಮತ್ತೆಯಿಂದ ತಯಾರಾದ ಚಿತ್ರ, ದನಿ, ವಿಡಿಯೊಗಳ ಮೇಲೆ ಹಾಗೆಂದು ಗುರುತು ಹಾಕಬೇಕೆಂದಿರುವುದೂ ಅದೇ ತಿದ್ದುಪಡಿ. ಗುರುತು ಹಾಕಿ ಮೋಸ ಮಾಡುವ ಕಳ್ಳ ಯಾರಿದ್ದಾನೆ ಎಂದು ನೀವು ನಗಬಹುದು, ಆದರೆ ವೇದಿಕೆಯನ್ನು ಹೊಣೆ ಮಾಡಲು ಈ ನಿಯಮ ಕೈಗೆ ಸಿಗುತ್ತದೆ. ವೇದಿಕೆ ಕಿವಿಗೊಡದಿದ್ದರೆ 30 ದಿನದೊಳಗೆ ಕೇಂದ್ರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನಿನಲ್ಲೇ ಮೇಲ್ಮನವಿ ಹೋಗಬಹುದು.

ಸಾಕ್ಷ್ಯದ ವಿಷಯದಲ್ಲಿ ನಮ್ಮವರು ಮಾಡುವ ದೊಡ್ಡ ತಪ್ಪೆಂದರೆ ಅಳಿಸುವುದು. ಸಿಟ್ಟಿಗೋ ಹೆದರಿಕೆಗೋ ನಂಬರ್ ಬ್ಲಾಕ್ ಮಾಡಿ, ಸಂದೇಶ ಅಳಿಸಿ, ಕೊನೆಗೆ ಅಂಗಡಿಗೆ ಕೊಟ್ಟು ಫೋನನ್ನೇ ಫಾರ್ಮ್ಯಾಟ್ ಮಾಡಿಸುತ್ತಾರೆ. ಸ್ಕ್ರೀನ್‌ಶಾಟ್ ತೆಗೆದಿಡಿ, ಪುಟದ ವಿಳಾಸ ಬರೆದಿಡಿ, ಮೂಲ ಫೋನನ್ನು ಹಾಗೇ ಇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ವಿದ್ಯುನ್ಮಾನ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು. ಅದರ ಒಂದು ಭಾಗಕ್ಕೆ ಫೋನ್ ಯಾರ ಕೈಯಲ್ಲಿತ್ತೋ ಅವರು, ಇನ್ನೊಂದಕ್ಕೆ ತಜ್ಞರು ಸಹಿ ಹಾಕುತ್ತಾರೆ.

ದೂರು ಕೊಟ್ಟು ಬಂದ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕಾದ್ದು ಸುರಕ್ಷಾ ಸಂಹಿತೆಯ 193ನೇ ಕಲಮಿನಡಿ ಪೊಲೀಸರ ಕರ್ತವ್ಯ. ಫೋನಿನಲ್ಲಿ ತಿಳಿಸಿದರೂ ಆದೀತು. ಸುದ್ದಿಯಿಲ್ಲದಿದ್ದರೆ 91ನೇ ದಿನ, ಎಫ್‌ಐಆರ್ ಸಂಖ್ಯೆ ಬರೆದು ಒಂದು ಪುಟದ ಅರ್ಜಿ ಕೊಡಿ. ನಿಮ್ಮ ಪ್ರತಿಗೆ ಠಾಣೆಯ ಮೊಹರು ಹಾಕಿಸಿಕೊಂಡು ಬನ್ನಿ.