ಮುಖ ನೋಡದ ಮಗುವಿನ ಮಾತು



ಸುಗ್ಗಿ ಮುಗಿದ ಮೇಲೆ ಮಣ್ಣಿನ ಮಾದರಿ ತರಲು ರೈತರೊಬ್ಬರ ಮನೆಗೆ ಹೋಗಿದ್ದೆ. ಅವರ ನಾಲ್ಕು ವರ್ಷದ ಮಗ ಅಂಗಳದಲ್ಲಿ ಸೈಕಲ್ಲಿನ ಗಾಲಿ ತಿರುಗಿಸುತ್ತಿದ್ದ. ತಂದೆ ಅವನ ಗದ್ದ ಹಿಡಿದೆತ್ತಿ, "ಸಾಹೇಬರ ಮುಖ ನೋಡೋ" ಎಂದು ಗದರಿದರು. ಹುಡುಗ ಕಿವಿ ಮುಚ್ಚಿಕೊಂಡು ಚೀರಿದ. ಮೊಂಡು ಹುಡುಗನೆಂದು ನಾನೂ ಎಣಿಸಿದೆ. ಅದು ನನ್ನ ತಪ್ಪು.

ಅವನಿಗಿರುವುದು ಆಟಿಸಂ, ಅಂದರೆ ಸ್ವಲೀನತೆ ಎಂದು ಆಮೇಲೆ ವೈದ್ಯರು ಹೇಳಿದರು. ಇದು ಮಿದುಳು ಬೆಳೆಯುವ ರೀತಿಯಲ್ಲಿರುವ ಭಿನ್ನತೆ. ಗ್ರಹಚಾರದಿಂದಾಗಲಿ, ತಾಯಿಯ ತಪ್ಪಿನಿಂದಾಗಲಿ, ಲಸಿಕೆಯಿಂದಾಗಲಿ ಬಂದುದಲ್ಲ. ಇಂಥ ಅನೇಕ ಮಕ್ಕಳಿಗೆ ಎದುರಿನವರ ಕಣ್ಣು ನೋಡುವುದು ಬಹಳ ಕಷ್ಟ. ನೋಡದಿದ್ದರೂ ನಿಮ್ಮ ಮಾತು ಕೇಳುತ್ತಿರಬಹುದು.

ಹಾಗಾದರೆ ಮನೆಯಲ್ಲಿ ಮಾಡುವುದೇನು?

1. ಮುಖ ಹಿಡಿದು ತಿರುಗಿಸಬೇಡಿ. ಮೊಳಕೆಯನ್ನು ಎಳೆದರೆ ಪೈರು ಬೆಳೆಯುವುದಿಲ್ಲ. ನೀವೇ ನೆಲದ ಮೇಲೆ, ಮಗುವಿನ ಎತ್ತರಕ್ಕೆ ಕುಳಿತುಕೊಳ್ಳಿ.

2. ಮಗು ನೋಡುವುದನ್ನೇ ನೀವೂ ನೋಡಿ. ಅದರ ಹೆಸರು ಹೇಳಿ. ಮಗು ಆಡಿದಂತೆ ನೀವೂ ಆಡಿ.

3. ಇಷ್ಟದ ತಿಂಡಿಯನ್ನು ಚೂರುಚೂರಾಗಿ ಕೊಡಿ. ಪ್ರತಿ ಸಲವೂ ಕೊಂಚ ತಡೆಯಿರಿ. ಕೈ ಚಾಚಿದರೂ, ನಿಮ್ಮ ಕೈ ಎಳೆದರೂ, ಒಮ್ಮೆ ಇಣುಕಿದರೂ ಅದೇ ಮಾತು, ಕೂಡಲೇ ಕೊಡಿ. ಕಣ್ಣು ನೋಡಲೆಂದು ಹಸಿದಿಟ್ಟು ಅಳಿಸಬೇಡಿ.

4. ನೀರು, ಊಟ, ನಿದ್ದೆ ಇವುಗಳ ಚಿತ್ರ ಬರೆದು ಗೋಡೆಗೆ ಅಂಟಿಸಿ. ಬೇಕಾದುದನ್ನು ಮುಟ್ಟಿ ತೋರಿಸಲಿ. ಚಿತ್ರ ಬಳಸಿದರೆ ಮಾತು ಬಾರದೆಂಬ ಭಯ ಬೇಡ.

ವರ್ಷ ತುಂಬಿದರೂ ಕೈಸನ್ನೆ ಮಾಡದಿದ್ದರೆ, ಹೆಸರು ಕರೆದರೂ ತಿರುಗದಿದ್ದರೆ, 18 ತಿಂಗಳಾದರೂ ಬೆರಳು ಮಾಡಿ ಏನನ್ನೂ ತೋರಿಸದಿದ್ದರೆ, "ತಾನಾಗಿ ಸರಿಹೋದೀತು" ಎಂದು ಕಾಯಬೇಡಿ. ಅಂಗನವಾಡಿ ಕಾರ್ಯಕರ್ತೆಗೆ ತಿಳಿಸಿ, ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಕಿವಿಯ ಪರೀಕ್ಷೆಯನ್ನೂ ಮಾಡಿಸಿ. ಹೆಚ್ಚಿನ ತಪಾಸಣೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಸ್ವಲೀನತೆಯೂ ಸೇರಿದೆ. ವೈದ್ಯರಲ್ಲಿ ಪ್ರಮಾಣಪತ್ರದ ವಿಚಾರವನ್ನೂ ಕೇಳಿ.

ಮೊನ್ನೆ ಆ ಮನೆಗೆ ಮತ್ತೆ ಹೋಗಿದ್ದೆ. ತಂದೆ ಗಾಲಿಯ ಪಕ್ಕದಲ್ಲೇ ಕುಳಿತಿದ್ದರು. ಹುಡುಗ ನನ್ನ ಮುಖ ನೋಡಲಿಲ್ಲ, ನಾವೂ ಒತ್ತಾಯಿಸಲಿಲ್ಲ. ಸ್ವಲ್ಪ ಹೊತ್ತಿಗೆ ಅವನು ತಂದೆಯ ಕೈ ಹಿಡಿದು ಗಾಲಿಯ ಮೇಲಿಟ್ಟ. "ತಿರುಗಿಸು ಅಂತಾನೆ, ಸ್ವಾಮಿ" ಎಂದು ಅವರು ನಕ್ಕು ತಿರುಗಿಸಿದರು.

ನಿಮ್ಮ ಮಗುವಿನ ಕೈ ಏನು ಹೇಳುತ್ತಿದೆಯೆಂದು ಇಂದು ಸಂಜೆಯೇ ಗಮನಿಸಿ ನೋಡಿ.

— ಗ್ರಾಮಸೇವಕ