ಆಮೆಯ ಸುಖದುಃಖ

ಆಮೆಯೆಂದೊಡನೆ ನಮಗೆ ನೆನಪಾಗುವುದು ಎರಡು ಸಂಗತಿ: ಒಂದು ಅದರ ದೀರ್ಘಾಯುಷ್ಯ, ಇನ್ನೊಂದು ಅದರ ಶಾಂತಿ. ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ಸ್ಥಿತಪ್ರಜ್ಞನಿಗೆ, ಅಂಗಗಳನ್ನು ಒಳಗೆಳೆದುಕೊಳ್ಳುವ ಆಮೆಯ ಉಪಮೆ ಬಂದಿದೆ. ಉಪಮೆ ಸೊಗಸಾದುದೇ ಸರಿ. ಆದರೆ ಕಾಯಿಲೆ ಬಿದ್ದ ಆಮೆಯೂ ಹೀಗೆಯೇ ಅಂಗಗಳನ್ನು ಒಳಗೆಳೆದುಕೊಂಡು ಕೂರುತ್ತದೆ. ಹಾಗಿದ್ದ ಮೇಲೆ ನಮ್ಮೆದುರಿಗೆ ಇರುವುದು ಶಾಂತಿಯೊ ಸಂಕಟವೊ ಎಂದು ತಿಳಿಯುವುದು ಹೇಗೆ? ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದುದಲ್ಲ, ಬಾವಿಯಿಂದ ಬಂದುದು.

ನನ್ನ ತಾಯಿಯ ತವರು ಚನ್ನಗಿರಿ ತಾಲ್ಲೂಕಿನಲ್ಲಿ, ಸೂಳೆಕೆರೆಗೆ ಸಮೀಪದ ಒಂದು ಹಳ್ಳಿ. ಮನೆಯ ಹಿಂದೆ ಅಡಿಕೆ ತೋಟ, ತೋಟದಲ್ಲೊಂದು ಬಾವಿ. ನೀರು ಶುದ್ಧವಾಗಿರಲೆಂದು ಬಾವಿಗೆ ಆಮೆ ಬಿಡುವುದು ಹಿಂದಿನವರ ರೂಢಿ. ನಮ್ಮ ಬಾವಿಯಲ್ಲಿಯೂ ಗಟ್ಟಿ ಚಿಪ್ಪಿನ ಕರಿ ಆಮೆಯೊಂದಿತ್ತು. ತಾಯಿಯ ಮದುವೆಗೆ ಮುಂಚಿನಿಂದಲೂ ಅದು ಅಲ್ಲಿದ್ದಿತಂತೆ. ಹಿಂದಿನ ಬೇಸಗೆಯಲ್ಲಿ ಹೂಳು ತೆಗೆಸುವಾಗ ಆಳುಗಳು ಅದನ್ನು ಬುಟ್ಟಿಯಲ್ಲಿಟ್ಟು ಮೇಲಕ್ಕೆ ತಂದರು. ಚಿಪ್ಪಿನ ಅಂಚನ್ನು ಬೆರಳಿನಿಂದ ಒತ್ತಿದರೆ ತಗ್ಗುತ್ತಿತ್ತು. ಕಣ್ಣುಗಳು ಊದಿಕೊಂಡಿದ್ದವು. ಕಲ್ಲುಬಾನಿಯಲ್ಲಿ ಸ್ವಲ್ಪ ನೀರು ಹಾಕಿ ಅದರಲ್ಲಿ ಇಟ್ಟೆವು. ಅದು ತಲೆ ಒಳಗೆಳೆದುಕೊಂಡು ಸುಮ್ಮನೆ ಕುಳಿತಿತು. "ಎಷ್ಟು ಶಾಂತವಾಗಿ ಕೂತದೆ ನೋಡು, ತಪಸ್ಸಿಗೆ ಕೂತ ಹಾಗೆ" ಎಂದು ಅಜ್ಜಿ ಕೈ ಮುಗಿದರು. ನಾನೂ ಹಾಗೆಯೇ ನಂಬಿದೆ.

ಹೀಗೆ ನಂಬಿದುದೇ ನಮ್ಮ ತಪ್ಪು. ಆಮೆಯ ದೇಹದ ರಚನೆಯನ್ನು ಸ್ವಲ್ಪ ವಿಚಾರಿಸಿದರೆ ಕಾರಣ ತಿಳಿಯುತ್ತದೆ. ನಾಯಿ ನರಳುತ್ತದೆ, ದನ ಮೇವು ಬಿಟ್ಟರೆ ಅಂದೇ ಸಂಜೆ ಮನೆಯವರಿಗೆಲ್ಲ ಗೊತ್ತಾಗುತ್ತದೆ. ಆಮೆಯಾದರೊ ತನ್ನ ದೇಹಕ್ಕೆ ಬೇಕಾದ ಶಾಖವನ್ನು ಹೊರಗಿನಿಂದ ಪಡೆಯುವ ಪ್ರಾಣಿ. ಅದರ ಒಳಗಿನ ವ್ಯವಹಾರವೆಲ್ಲ ನಿಧಾನ. ಅನ್ನವಿಲ್ಲದೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲದು. ಬದುಕಿರುವುದು ನಿಧಾನವಾದಂತೆ ಸಾಯುವುದೂ ನಿಧಾನ. ಚಿಪ್ಪೆಂಬುದು ಮೇಲೆ ಹೊದ್ದ ಕವಚವಲ್ಲ. ಬೆನ್ನುಮೂಳೆ ಪಕ್ಕೆಲುಬುಗಳೊಡನೆ ಬೆಸೆದುಕೊಂಡ ಎಲುಬು. ಅದರಲ್ಲಿ ನರಗಳಿವೆ, ನೋವೂ ಇದೆ. ಬಿಸಿಲು ಕಾಣದೆ, ಸುಣ್ಣದ ಅಂಶವಿಲ್ಲದ ಆಹಾರ ತಿಂದು ಬಹುಕಾಲ ಕಳೆದರೆ ಆ ಎಲುಬು ಮೆತ್ತಗಾಗುತ್ತದೆ. ಆಳವಾದ ಬಾವಿಯಲ್ಲಿ ಬಿಸಿಲು ಕಾಯಿಸಿಕೊಳ್ಳಲು ಒಂದು ಕಲ್ಲಾದರೂ ಎಲ್ಲಿಂದ ಬರಬೇಕು? ನಮ್ಮ ನೀರಿನ ಶುದ್ಧಿಗೆ ಅದು ತನ್ನ ಎಲುಬನ್ನು ತೆತ್ತಿತೆನ್ನಬಹುದು.

ಹಾಗಾದರೆ ಮೂಕಪ್ರಾಣಿಯ ಬದುಕಿನ ಗುಣವನ್ನು ಅಳೆಯಲು ಅಳತೆಗೋಲು ಉಂಟೆ? ಉಂಟು. 1965ರಲ್ಲಿ ಬ್ರಿಟನ್ನಿನ ಬ್ರಾಂಬೆಲ್ ಸಮಿತಿಯು ಸಾಕುಪ್ರಾಣಿಗಳಿಗೆ ಏಳುವ, ಮಲಗುವ, ತಿರುಗುವ, ಮೈ ನೆಕ್ಕಿಕೊಳ್ಳುವ, ಕೈಕಾಲು ಚಾಚುವ ಸ್ವಾತಂತ್ರ್ಯವಾದರೂ ಇರಬೇಕೆಂದು ಹೇಳಿತು. 1979ರಲ್ಲಿ ಇದು ಬೆಳೆದು ಹಸಿವು, ಅನನುಕೂಲ, ನೋವು, ಭಯಗಳಿಂದ ಬಿಡುಗಡೆ ಮತ್ತು ಸಹಜವಾಗಿ ನಡೆದುಕೊಳ್ಳುವ ಅವಕಾಶ ಎಂಬ ಐದು ಸೂತ್ರಗಳಾಯಿತು. ಮುಂದೆ ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೊಬೋಸ್ ಅವರು ಗುಣವಾಗದ ಕಾಯಿಲೆಯ ಪ್ರಾಣಿಗಳಿಗಾಗಿ ಏಳು ಅಂಶಗಳ ಪಟ್ಟಿಯೊಂದನ್ನು ಮಾಡಿದರು: ನೋವು, ಹಸಿವು, ನೀರು, ಶುಚಿ, ಸಂತೋಷ, ಚಲನೆ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚೆ ಎಂಬುದು. ಒಂದೊಂದಕ್ಕೂ ಹತ್ತು ಅಂಕ. ಇದು ಮುಖ್ಯವಾಗಿ ನಾಯಿ ಬೆಕ್ಕುಗಳಿಗಾಗಿ ಮಾಡಿದುದು. ಆಮೆಯ ಸಂತೋಷಕ್ಕೆ ಅಂಕ ಕೊಡಲು ಅದೇನು ಬಾಲ ಅಲ್ಲಾಡಿಸುತ್ತದೆಯೆ? ಆದುದರಿಂದ ಆಮೆಯನ್ನು ನಾಯಿಯೊಡನೆಯಾಗಲಿ ನಮ್ಮೊಡನೆಯಾಗಲಿ ಹೋಲಿಸಿ ಫಲವಿಲ್ಲ. ಅದರ ಇಂದಿನ ದಿನವನ್ನು ಅದರ ನಿನ್ನೆಯ ದಿನದೊಡನೆಯೇ ಹೋಲಿಸಬೇಕು. ಅದಕ್ಕೆ ನೆನಪು ಸಾಲದು, ಬರಹ ಬೇಕು.

ನಾನು ಒಂದು ನೋಟುಪುಸ್ತಕ ಇಟ್ಟೆ. ಪರೀಕ್ಷೆ ಮುಗಿದಿದ್ದ ರಜೆಯ ದಿನಗಳು. ಕುತೂಹಲದಿಂದಲೇ ಆರಂಭಿಸಿದೆನೆಂದು ಒಪ್ಪುತ್ತೇನೆ. ತಿಂದಿತೆ, ತಾನಾಗಿ ತಲೆ ಹೊರಚಾಚಿತೆ, ಬಿಸಿಲಿಗೆ ಇಟ್ಟರೆ ನಡೆಯಿತೆ, ನೀರಿನಲ್ಲಿ ಸಮವಾಗಿ ತೇಲಿತೆ, ಮೂಗಿನಲ್ಲಿ ಗುಳ್ಳೆ ಬಂದಿತೆ, ತೂಕವೆಷ್ಟು: ಇಷ್ಟೇ ಕಲಮುಗಳು. ಮೊದಲನೆಯ ದಿನ ತೂಕ 1,140 ಗ್ರಾಂ. ಇಪ್ಪತ್ತೊಂದನೆಯ ದಿನ 985 ಗ್ರಾಂ. ತಿಂದುದು ನಾಲ್ಕು ದಿನ ಮಾತ್ರ. ಕೊನೆಯ ವಾರ ನೀರಿನಲ್ಲಿ ಒಂದೇ ಮಗ್ಗುಲಿಗೆ ವಾಲಿ ತೇಲುತ್ತಿತ್ತು, ಬಾಯಿ ತೆರೆದು ಉಸಿರಾಡುತ್ತಿತ್ತು. ಇವು ಶ್ವಾಸಕೋಶದ ಕಾಯಿಲೆಯ ಲಕ್ಷಣಗಳೆಂದು ಆಮೇಲೆ ತಿಳಿಯಿತು. ಆ ರಾತ್ರಿ ಪುಸ್ತಕವನ್ನು ಅಜ್ಜಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. "ಇದು ತಪಸ್ಸಲ್ಲ ಮಗಾ, ಸಂಕಟ" ಎಂದರು.

ಮರುದಿನ ಪಶುವೈದ್ಯರಲ್ಲಿಗೆ ಒಯ್ದೆವು. ಅವರು ಮೊದಲು ನೋಡಿದುದು ಆಮೆಯನ್ನಲ್ಲ, ಪುಸ್ತಕವನ್ನು. ನಮ್ಮ ನಾಡಿನ ಆಮೆಗಳನ್ನು ಮನೆಯಲ್ಲಿ ಇಟ್ಟುಕೊಳ್ಳಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವಕಾಶ ಕೊಡುವುದಿಲ್ಲವೆಂದು ತಿಳಿಸಿ, ಅರಣ್ಯ ಇಲಾಖೆಯವರಿಗೆ ತಾವೇ ಹೇಳಿಕಳುಹಿಸಿದರು. ಬದುಕಿಸಿಡುವುದೇ ಕ್ರೌರ್ಯವಾಗುವ ಸ್ಥಿತಿಯೊಂದುಂಟೆಂದು 1960ರ ಪ್ರಾಣಿ ಹಿಂಸಾ ನಿವಾರಣಾ ಕಾಯ್ದೆಯೂ ಒಪ್ಪುತ್ತದೆಂಬುದನ್ನು ನಾನು ಅಂದೇ ಕೇಳಿದುದು. ಆದರೆ ಆ ತೀರ್ಮಾನ ಬಲ್ಲವರದು. ಮನೆಯಲ್ಲಿ ನಾವು ಮಾಡತಕ್ಕದ್ದಲ್ಲ. ತಲೆ ತುಂಡಾದರೂ ಆಮೆಯ ಮಿದುಳು ಕೂಡಲೆ ನಿಲ್ಲದಂಥದು.

ಕಾಯಿಲೆಯಿದ್ದ ಮಾತ್ರಕ್ಕೆ ಬದುಕು ವ್ಯರ್ಥವೆಂದು ಯಾರೂ ಭಾವಿಸಬಾರದು. 1882ರಲ್ಲಿ ಸೇಂಟ್ ಹೆಲೆನಾ ದ್ವೀಪಕ್ಕೆ ತಂದ ಜೊನಾಥನ್ ಎಂಬ ದೈತ್ಯ ಆಮೆಗೆ ಮುಪ್ಪಿನಲ್ಲಿ ಕಣ್ಣು ಮಂಜಾಯಿತು, ವಾಸನೆ ತಿಳಿಯದಾಯಿತು, ಮೈ ಇಳಿಯಿತು. ಅಲ್ಲಿಯ ಪಶುವೈದ್ಯರು ವಾರಕ್ಕೊಮ್ಮೆ ಕೈಯಾರೆ ಹಣ್ಣು ತರಕಾರಿ ತಿನ್ನಿಸತೊಡಗಿದ ಮೇಲೆ ಅದು ಮತ್ತೆ ಮೈತುಂಬಿಕೊಂಡಿತು. ಪರಿಚಿತ ದನಿಗೆ ಓಗೊಡುತ್ತಿತ್ತು. ಕಣ್ಣಿಲ್ಲದಿದ್ದರೂ ಅದಕ್ಕೆ ಆಸೆಯಿತ್ತು, ಹಸಿವಿತ್ತು. ನಮ್ಮ ಆಮೆಗೆ ಉಳಿದಿದ್ದುದು ಆಯುಷ್ಯ ಮಾತ್ರ.

ಇಲಾಖೆಯವರ ಆರೈಕೆಯಲ್ಲಿ ಐದನೆಯ ದಿನ ಅದು ಸತ್ತಿತು. ಮೂರು ವಾರ ಮೊದಲೇ ಒಯ್ದಿದ್ದರೆ ಬದುಕುತ್ತಿತ್ತೊ ಇಲ್ಲವೊ ಹೇಳಲಾರೆ. ಸಂಕಟವಂತೂ ಮೂರು ವಾರ ಕಡಮೆಯಾಗುತ್ತಿತ್ತು. ನಾನು ಬರೆದಿಟ್ಟೆನೇ ಹೊರತು ಬೇಗ ಓದಿ ನೋಡಲಿಲ್ಲ.

ಅಜ್ಜಿ ಈಗ ಬಾವಿಗೆ ಆಮೆ ಬಿಡಿಸುವುದಿಲ್ಲ. ಬಾಯಿಲ್ಲದ ಜೀವಿ ಸುಮ್ಮನಿರುವುದನ್ನು ಸುಖವೆಂದುಕೊಳ್ಳುವುದು ನಮಗೆ ಅನುಕೂಲ. ಅನುಕೂಲವಾದ ನಂಬಿಕೆಯನ್ನೇ ಮೊದಲು ಪರೀಕ್ಷಿಸಬೇಕೆಂದು ಆ ಆಮೆ ನನಗೆ ಕಲಿಸಿತು. ನಮ್ಮ ಮನೆಗಳ ಮೂಲೆಯಲ್ಲಿ ಮಾತಿಲ್ಲದೆ ಕುಳಿತಿರುವವರು ಆಮೆಗಳು ಮಾತ್ರವಲ್ಲವೆಂಬುದನ್ನು ವಾಚಕರಿಗೆ ನಾನು ಹೇಳಬೇಕಾಗಿಲ್ಲ.