ಗರ್ಭಧಾರಣೆಯ ದಿನಗಳು: ದಂಪತಿಗಳು ತಿಳಿದಿರಬೇಕಾದ ಲೆಕ್ಕ

ಮದೀನಾದ ಅನ್ಸಾರೀ ಮಹಿಳೆ ಉಮ್ಮು ಸುಲೈಮ್(ರ) ಒಮ್ಮೆ ಪ್ರವಾದಿವರ್ಯರ(ಸ) ಬಳಿಗೆ ಬಂದರು. ಸತ್ಯದ ವಿಷಯದಲ್ಲಿ ಅಲ್ಲಾಹನು ಸಂಕೋಚಪಡುವುದಿಲ್ಲ ಎಂದು ಮೊದಲು ಹೇಳಿ, ಪುರುಷನಂತೆ ಸ್ತ್ರೀಗೂ ಸ್ವಪ್ನಸ್ಖಲನವಾದರೆ ಸ್ನಾನ ಕಡ್ಡಾಯವೇ ಎಂದು ಕೇಳಿದರು. ದ್ರವ ಕಂಡುಬಂದರೆ ಕಡ್ಡಾಯ ಎಂದು ಪ್ರವಾದಿವರ್ಯರು(ಸ) ಉತ್ತರಿಸಿದರು. ಅಲ್ಲಿದ್ದ ಉಮ್ಮು ಸಲಮಾ(ರ) ಆಶ್ಚರ್ಯಪಟ್ಟಾಗ, ಹಾಗಿಲ್ಲದಿದ್ದರೆ ಮಗು ತಾಯಿಯನ್ನು ಹೋಲುವುದು ಹೇಗೆಂದು ಅವರು ಮರುಪ್ರಶ್ನೆ ಹಾಕಿದರು. ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿರುವ ಈ ಘಟನೆಯಲ್ಲಿ ಎರಡು ಪಾಠಗಳಿವೆ. ಲಜ್ಜೆ ಈಮಾನಿನ ಭಾಗವೇ ಆದರೂ ಅದು ಜ್ಞಾನಕ್ಕೆ ಅಡ್ಡಿಯಾಗಬಾರದು. ಸಂತಾನದ ವಿಷಯದಲ್ಲಿ ಪತಿ ಪತ್ನಿ ಇಬ್ಬರಿಗೂ ಪಾಲಿದೆ.

ನಮ್ಮ ಮನೆಗಳ ಸ್ಥಿತಿಯನ್ನು ನೋಡಿರಿ. ಮದುವೆಯಾಗಿ ಎರಡು ವರ್ಷ ಕಳೆಯುವುದೇ ತಡ, ವಿಶೇಷವೇನೂ ಇಲ್ಲವೇ ಎಂಬ ಪ್ರಶ್ನೆ ಸೊಸೆಯನ್ನು ಹಿಂಬಾಲಿಸುತ್ತದೆ. ಆಕೆಗೆ ಹರಕೆಯ ಜಾಗಗಳನ್ನು ತೋರಿಸುವವರು ಹತ್ತು ಮಂದಿ ಇರುತ್ತಾರೆ. ಆದರೆ ತಿಂಗಳ ಯಾವ ದಿನಗಳಲ್ಲಿ ಗರ್ಭ ನಿಲ್ಲುತ್ತದೆಂದು ಹೇಳಿಕೊಡುವವರು ಒಬ್ಬರೂ ಇರುವುದಿಲ್ಲ.

ಮುಟ್ಟು ಮುಗಿದು ಸ್ನಾನ ಮಾಡಿದ ಕೂಡಲೇ ಗರ್ಭ ನಿಲ್ಲುತ್ತದೆ ಎಂಬುದು ಹಲವರ ನಂಬಿಕೆ. ಹೆಚ್ಚಿನ ಸ್ತ್ರೀಯರ ಮಟ್ಟಿಗೆ ಇದು ಸರಿಯಲ್ಲ. ಪ್ರತಿ ಋತುಚಕ್ರದಲ್ಲಿ ಅಂಡಾಶಯದಿಂದ ಸಾಮಾನ್ಯವಾಗಿ ಒಂದು ಅಂಡ ಬಿಡುಗಡೆಯಾಗುತ್ತದೆ. ಅದರ ಆಯುಷ್ಯ 12ರಿಂದ 24 ಗಂಟೆ ಮಾತ್ರ. ಆದರೆ ಪುರುಷನ ವೀರ್ಯಾಣು ಸ್ತ್ರೀಯ ದೇಹದೊಳಗೆ 5 ದಿನಗಳವರೆಗೂ ಬದುಕಿರಬಲ್ಲದು. ಆದ್ದರಿಂದ ಅಂಡ ಬಿಡುಗಡೆಯಾಗುವ ದಿನ ಮತ್ತು ಅದಕ್ಕೆ ಮುಂಚಿನ 5 ದಿನಗಳು, ಒಟ್ಟು 6 ದಿನಗಳೇ ಗರ್ಭಧಾರಣೆಯ ದಿನಗಳು. 1995ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿಸಿತು.

ಅಂಡ ಬಿಡುಗಡೆಯಾಗುವುದು ಯಾವಾಗ? ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ಜಪಾನಿನ ಓಗಿನೋ ಮತ್ತು ಆಸ್ಟ್ರಿಯಾದ ಕ್ನಾಸ್ ಎಂಬ ವೈದ್ಯರು ಬೇರೆಬೇರೆಯಾಗಿ ಇದರ ಲೆಕ್ಕವನ್ನು ಕಂಡುಹಿಡಿದರು. ಹಿಂದಿನ ಮುಟ್ಟಿನಿಂದ ಮುಂದಕ್ಕೆ ಎಣಿಸಿದರೆ ದಿನ ಸಿಗುವುದಿಲ್ಲ. ಮುಂದಿನ ಮುಟ್ಟಿನಿಂದ ಹಿಂದಕ್ಕೆ ಸುಮಾರು 14 ದಿನ ಎಣಿಸಬೇಕು. ಚಕ್ರ 28 ದಿನಗಳದ್ದಾದರೆ 14ನೆಯ ದಿನದ ಆಸುಪಾಸಿನಲ್ಲಿ ಅಂಡ ಬರುತ್ತದೆ. 9ರಿಂದ 14ನೆಯ ದಿನದವರೆಗೆ ಗರ್ಭ ನಿಲ್ಲುವ ಕಾಲ. ಚಕ್ರ 32 ದಿನಗಳದ್ದಾದರೆ ಅದು 13ರಿಂದ 18ನೆಯ ದಿನ. ಸ್ರಾವ ಆರಂಭವಾದ ದಿನವನ್ನು 1 ಎಂದು ಎಣಿಸಬೇಕು.

ಈ ಲೆಕ್ಕಕ್ಕೆ ಬೇಕಾದ ಪುಸ್ತಕ ಮುಸ್ಲಿಮ್ ಸ್ತ್ರೀಯ ಕೈಯಲ್ಲಿ ಈಗಾಗಲೇ ಇರಬೇಕಾದದ್ದು. ನಮಾಝ್, ಉಪವಾಸ ಮತ್ತು ದಾಂಪತ್ಯದ ವಿಧಿಗಳಿಗಾಗಿ ಆಕೆ ತನ್ನ ಸ್ರಾವದ ಆರಂಭ ಮತ್ತು ಅಂತ್ಯವನ್ನು ತಿಳಿದಿರಲೇಬೇಕು. ಹನಫೀ ಮದ್‌ಹಬ್‌ನಲ್ಲಿ ಅದರ ಗರಿಷ್ಠ ಅವಧಿ 10 ದಿನ, ಶಾಫಿಈ ಮದ್‌ಹಬ್‌ನಲ್ಲಿ 15 ದಿನ. ಇದ್ದತ್‌ನ ಎಣಿಕೆ ನಿಂತಿರುವುದೂ ಈ ಲೆಕ್ಕದ ಮೇಲೆಯೇ. ಅದೇ ಪುಸ್ತಕದಲ್ಲಿ ಕನಿಷ್ಠ 6 ತಿಂಗಳ ದಿನಗಳನ್ನು ಬರೆದಿಟ್ಟರೆ ಸಾಕು. ತಿಂಗಳ ತಾರೀಕನ್ನು ನೆಚ್ಚಬೇಡಿ, ದಿನಗಳನ್ನು ಎಣಿಸಿರಿ. ಚಕ್ರ ಏರುಪೇರಾಗುತ್ತಿದ್ದರೆ ಅತಿ ಚಿಕ್ಕ ಚಕ್ರದಿಂದ 18ನ್ನೂ ಅತಿ ದೊಡ್ಡ ಚಕ್ರದಿಂದ 11ನ್ನೂ ಕಳೆಯಿರಿ. ಅವು 26 ಮತ್ತು 31 ಆಗಿದ್ದರೆ, 8ರಿಂದ 20ನೆಯ ದಿನದವರೆಗೆ ಗರ್ಭ ನಿಲ್ಲುವ ಸಾಧ್ಯತೆಯಿದೆ.

ದೇಹವೂ ಸೂಚನೆ ಕೊಡುತ್ತದೆ. ಆ ದಿನಗಳಲ್ಲಿ ಕೋಳಿಮೊಟ್ಟೆಯ ಬಿಳಿಯಂತೆ ತಿಳಿಯಾದ, ಜಾರುವ, ಎಳೆದರೆ ನೂಲಿನಂತೆ ನಿಲ್ಲುವ ಸ್ರಾವ ಕಾಣಿಸುತ್ತದೆ. ಇದು ರೋಗವೂ ಅಲ್ಲ, ಹೈಳ್ ಕೂಡ ಅಲ್ಲ. ಇದಕ್ಕಾಗಿ ನಮಾಝ್ ಬಿಡುವಂತಿಲ್ಲ. ಮಗುವನ್ನು ಬಯಸುವ ದಂಪತಿಗಳು ಈ ದಿನಗಳಲ್ಲಿ ದಿನಕ್ಕೊಮ್ಮೆ ಅಥವಾ ದಿನ ಬಿಟ್ಟು ದಿನ ಕೂಡಿದರೆ ಸಾಕು. ದುಡಿಮೆಗಾಗಿ ದೂರದ ಊರಿನಲ್ಲಿರುವ ಪತಿ ರಜೆಯ ದಿನಗಳನ್ನು ಗೊತ್ತುಮಾಡುವಾಗ ಇದನ್ನೂ ಗಮನಿಸಲಿ.

ಋತುಸ್ರಾವದ ವೇಳೆ ಸಂಭೋಗವನ್ನು ಅಲ್ಬಕರಾ ಅಧ್ಯಾಯ ನಿಷೇಧಿಸಿದೆ. ಹೆಚ್ಚಿನವರಿಗೆ ಸ್ನಾನದ ನಂತರವೇ ಆ 6 ದಿನಗಳು ಬರುವುದರಿಂದ ತೊಂದರೆಯಿಲ್ಲ. ಆದರೆ ಚಕ್ರ 24 ದಿನಗಳಷ್ಟು ಚಿಕ್ಕದಾಗಿದ್ದು ಸ್ರಾವ 7 ದಿನ ಇದ್ದರೆ, ಉಳಿಯುವುದು 8ರಿಂದ 10ನೆಯ ದಿನ ಮಾತ್ರ. ಅಂತಹವರು ದಿನ ಕಳೆಯಬಾರದು. ಸ್ರಾವ ಇನ್ನೂ ದೀರ್ಘವಾಗಿದ್ದರೆ ವೈದ್ಯೆಯನ್ನು ಕಾಣಬೇಕು.

ಮಕ್ಕಳ ನಡುವೆ ಅಂತರ ಬಯಸುವವರು ಈ ದಿನಗಳನ್ನು ಬಿಡುವುದುಂಟು. ಪ್ರವಾದಿವರ್ಯರ(ಸ) ಕಾಲದಲ್ಲಿ ಅಝ್ಲ್ ಮಾಡುತ್ತಿದ್ದೆವೆಂದು ಜಾಬಿರ್(ರ) ವರದಿ ಮಾಡಿದ್ದಾರೆ. ಆದರೆ ಬರೀ ದಿನಗಳ ಲೆಕ್ಕವನ್ನೇ ನಂಬಿದರೆ ತಪ್ಪುವ ಸಂಭವ ಹೆಚ್ಚು. ಚಿಂತೆ, ಜ್ವರ, ಪ್ರಯಾಣಗಳಿಂದ ಅಂಡ ಬರುವ ದಿನ ಬದಲಾಗಬಹುದು. ಹೆರಿಗೆಯ ನಂತರ ಮೊದಲ ಮುಟ್ಟು ಬರುವುದಕ್ಕೆ ಮೊದಲೇ ಗರ್ಭ ನಿಲ್ಲುವುದೂ ಉಂಟು.

ಪುರುಷರೇ, ಈ ಮಾತು ನಿಮಗೆ. ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ, ಪತ್ನಿಗೆ 35 ವರ್ಷ ದಾಟಿದ್ದಲ್ಲಿ 6 ತಿಂಗಳಾದರೆ, ಇಬ್ಬರೂ ಒಟ್ಟಿಗೆ ವೈದ್ಯರ ಬಳಿಗೆ ಹೋಗಬೇಕು. ಮಕ್ಕಳಾಗದ ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಪುರುಷನ ಕಡೆಯ ಕಾರಣವೂ ಇರುತ್ತದೆ. ವೀರ್ಯ ಪರೀಕ್ಷೆ ನೋವಿಲ್ಲದ, ಸರಳವಾದ ಪರೀಕ್ಷೆ. ಅದನ್ನು ಮಾಡಿಸಿಕೊಳ್ಳದೆ ಪತ್ನಿಯನ್ನು ಬಂಜೆ ಎನ್ನುವುದು, ಎರಡನೆಯ ಮದುವೆಯ ಮಾತೆತ್ತುವುದು ಪುರುಷತ್ವವಲ್ಲ, ಅನ್ಯಾಯ. ಅತ್ತೆಯಂದಿರೂ ಇದನ್ನು ನೆನಪಿಡಲಿ.

ಇಷ್ಟೆಲ್ಲ ಲೆಕ್ಕ ಸರಿಯಿದ್ದರೂ ಪ್ರತಿ ತಿಂಗಳೂ ಗರ್ಭ ನಿಲ್ಲುವುದಿಲ್ಲ. ತಾನಿಚ್ಛಿಸಿದವರಿಗೆ ಹೆಣ್ಣನ್ನು, ತಾನಿಚ್ಛಿಸಿದವರಿಗೆ ಗಂಡನ್ನು, ಕೆಲವರಿಗೆ ಎರಡನ್ನೂ ಕೊಡುವವನು, ಕೆಲವರನ್ನು ಸಂತಾನವಿಲ್ಲದೆ ಇಡುವವನು ಅಲ್ಲಾಹನೇ ಎಂದು ಅಶ್ಶೂರಾ ಅಧ್ಯಾಯ ತಿಳಿಸುತ್ತದೆ. ಝಕರಿಯ್ಯಾ(ಅ) ಮುಪ್ಪಿನವರೆಗೂ ಕಾದರು, ಪ್ರಾರ್ಥಿಸಿದರು, ಪತ್ನಿಯನ್ನು ದೂರಲಿಲ್ಲ. ರೈತನು ಹದ ನೋಡಿ ಬಿತ್ತುತ್ತಾನೆ, ಮಳೆಗಾಗಿ ಅಲ್ಲಾಹನನ್ನು ಬೇಡುತ್ತಾನೆ. ಹದ ತಿಳಿಯುವುದು ತವಕ್ಕುಲ್‌ಗೆ ವಿರುದ್ಧವಲ್ಲ. ಮದುವೆಯ ಹೊಸ್ತಿಲಲ್ಲಿರುವ ನಿಮ್ಮ ಮಗಳಿಗೆ ತಾಯಿಯೂ ಮಗನಿಗೆ ತಂದೆಯೂ ಈ ಲೆಕ್ಕವನ್ನು ಹೇಳಿಕೊಡಿರಿ. ಅಲ್ಲಾಹನು ನಮ್ಮೆಲ್ಲರಿಗೂ ಕಣ್ಣಿಗೆ ತಂಪೀಯುವ ಸಂತಾನವನ್ನು ಕರುಣಿಸಲಿ, ಸಂತಾನವಿಲ್ಲದವರಿಗೆ ಸಹನೆಯನ್ನೂ ನಮಗೆ ಅವರ ಮನ ನೋಯಿಸದ ನಾಲಗೆಯನ್ನೂ ದಯಪಾಲಿಸಲಿ.